ಗ್ವಾಡಿಗೆ ಹಚ್ಚಲಾರದ ಸರ್ಟಿಫಿಕೇಟು

ಇಲ್ರೀ, ಕಳದಿಲ್ಲ. ಟ್ರಂಕಿನಾಗ ಅದ. ಮನಿಗೆ ಬಂದವರೆಲ್ಲ ಇದನ್ನೇ ಕೇಳ್ತಾರ. ಗ್ವಾಡಿ ಮ್ಯಾಲ ಹೆಂಡ್ತಿದು ಟೈಪಿಂಗ್ ಸರ್ಟಿಫಿಕೇಟ್ ಅದ, ಮಗಳದು ರಂಗೋಲಿದು ಅದ, ನಿಮ್ಮದ್ಯಾಕ ಇಲ್ಲ ಅಂತ. ನಾನೂ ಕಲ್ತೀನ್ರಿ. ಎರಡು ಸಾವಿರದ ಮೂರನೇ ಇಸ್ವಿ ಸುಮಾರಿಗೆ, ವಾಡಿ ಹೈಸ್ಕೂಲಿನಾಗ, ಕಂಪ್ಯೂಟರಿನಾಗ ಆಟ ಮಾಡೋ ಕೋರ್ಸು. ಒಂದು ವರ್ಷ, ಶನಿವಾರಕ್ಕೊಮ್ಮೆ. ಪಾಸೂ ಆಗೀನಿ. ಆದ್ರ ಆ ಕ್ಲಾಸಿನಾಗ ಯಾವ ಕೆಲಸಾನೂ ಸೀದಾ ಮುಗಿದಿದ್ದು ನಾ ನೋಡೇ ಇಲ್ಲ.

ನಮ್ಮಪ್ಪ ಸ್ಟೇಷನ್ ಕೇಬಿನ್ನಿನಾಗ ಸಿಗ್ನಲ್ಲಿನ ಲಿವರ್ ಎಳಿಯೋ ಕೆಲಸದಾಗಿದ್ದ. ಆಟ ಮಾಡ್ಲಿಕ್ಕೂ ಸಾಲಿ ಬೇಕೇನು ಅಂತ ಮೊದಲು ನಕ್ಕ. ಆಮ್ಯಾಲ ಕರಾರು ಹಾಕ್ದ. ವರ್ಷದ ಕಡಿಗಿ ಸರ್ಟಿಫಿಕೇಟ್ ತಂದ್ರ ಮುಂದ ಕಂಪ್ಯೂಟರೇ ಕಲಿ. ತರಲಿಲ್ಲಂದ್ರ ಶಹಾಬಾದಿಗೆ ಹೋಗಿ ನಿಮ್ಮ ಸೋದರಮಾವನ ವೆಲ್ಡಿಂಗ್ ಅಂಗಡ್ಯಾಗ ಕುಂದ್ರು. ನಮ್ಮ ಮಾವನ ಹುಬ್ಬು ಆಗ್ಲೇ ಅರ್ಧ ಸುಟ್ಟಿದ್ವು. ನಾ ಭಾಳ ಮನಸ್ಸಿಟ್ಟು ಕಲೀಲಿಕ್ಕೆ ಕುಂತೆ.

ಹಾಳಿ ಮ್ಯಾಲಿನ ಆಟ

ಕಂಪ್ಯೂಟರ್ ಮೂರು, ನಾವು ಹದಿನೆಂಟು ಮಂದಿ. ಫ್ಯಾಕ್ಟರಿ ಧೂಳು ಬೀಳ್ತದಂತ ಮೂರಕ್ಕೂ ಹಾಸಿಗಿ ಚಾದರ ಹೊದಿಸಿಟ್ಟಿದ್ರು. ಗುಲ್ಬರ್ಗಾದಿಂದ ಬರ್ತಿದ್ದ ನಮ್ಮ ಸರ್, ಮೊದಲು ಹಾಳಿ ಮ್ಯಾಲ ಆಟ ಬರೀರಿ, ಚಾದರ ಆಮ್ಯಾಲ ತೆಗೀತೀನಿ ಅಂದ್ರು.

ಹುಡುಗ್ರೆಲ್ಲ ರಾಕ್ಷಸರು, ಬಂದೂಕು, ವಿಮಾನ ಬರದ್ವಿ. ರಾವೂರಿಂದ ಬರ್ತಿದ್ದ ಹುಡುಗಿ ಒಬ್ಬಾಕಿ ಫರಸಿಕಲ್ಲಿನ ಖಣಿ ಬರದಿದ್ಲು. ಆಕಿ ಅಪ್ಪ ಅವ್ವ ಇಬ್ಬರೂ ಅಲ್ಲೇ ಕೆಲಸಕ್ಕ ಹೋಗ್ತಿದ್ರು. ಆಟದಾಗ ಒಬ್ಬ ಮನಷ್ಯಾ ಕಲ್ಲು ಒಡೀಬೇಕು. ಒಡದ ಮ್ಯಾಲ ಇನ್ನೊಂದು ಕಲ್ಲು ಬರ್ತದ. ಅದನ್ನ ಒಡದ್ರ ಮತ್ತೊಂದು.

ಸರ್ ಹಾಳಿ ತಿರುಗಿಸಿ ಮುರುಗಿಸಿ ನೋಡಿ, ಇದರಾಗ ಗೆಲ್ಲೋದು ಹ್ಯಾಂಗವ್ವಾ ಅಂತ ಕೇಳಿದ್ರು.

"ಗೆಲ್ಲೋದೇನದ್ರಿ ಸರ್. ಹೊತ್ತು ಮುಣಗ್ತದ, ಮನಿಗಿ ಹೋಗ್ತಾರ."

ಸರ್ ಆಕಿಗೇ ಎಲ್ಲರಕಿಂತ ಜಾಸ್ತಿ ಮಾರ್ಕ್ಸ್ ಕೊಟ್ರು. ಈ ಕ್ಲಾಸಿನಾಗ ಮುಗಿಯೋ ಆಟ ಇದೊಂದೇ ಅಂದ್ರು. ಆ ಮಾತು ನಾ ಆಗ್ಲೇ ಕಿವಿಗೆ ಹಾಕ್ಕೋಬೇಕಾಗಿತ್ತು.

ನಾಲವಾರದ ಹುಡುಗ

ಇನ್ನೊಬ್ಬಾಂವ ನಾಲವಾರದಿಂದ ಪ್ಯಾಸೆಂಜರ್ ಗಾಡಿಗೆ ಬರ್ತಿದ್ದ. ಪ್ರತಿ ಶನಿವಾರ ಅರ್ಧ ತಾಸು ತಡ. ಸರ್ ಒಂದಿನ ತಡಕೊಳ್ಳಲಾರದೆ ಬಾಗಿಲದಾಗೇ ನಿಲ್ಲಿಸಿ ಕಾರಣ ಕೇಳಿದ್ರು. ಅಂವ ನನ್ನ ಕಡಿ ಬಟ್ಟು ತೋರಿಸಿದ.

"ಗಾಡಿ ಊರ ಹೊರಗಿನ ಸಿಗ್ನಲ್ಲಿಗೇ ನಿಂದರ್ತದ್ರಿ. ಇವನಪ್ಪ ಒಳಗ ಬಿಡಂಗಿಲ್ಲ."

ಸರ್ ಇಬ್ಬರನ್ನೂ ನಿಲ್ಲಿಸಿದ್ರು. ಸಂಜಿಗಿ ನಾ ಮನಿಗೆ ಬಂದು, ನಿನ್ನಿಂದ ನಾ ಇವತ್ತು ನಿಂತೆ ಅಂತ ಅಪ್ಪಗ ಹೇಳ್ದೆ. ಅಂವ ಭಾಳ ಶಾಂತ ಕೇಳಿಸಿಕೊಂಡ. "ಲೈನ್ ಖಾಲಿ ಇದ್ದಿದ್ದಿಲ್ಲ" ಅಂದ. ಮತ್ತ ಊಟಕ್ಕ ಕುಂತ.

ಒಂದೇ ಕೊನಿ

ಅದೇ ಸಿಟ್ಟಿನ ಮ್ಯಾಲ ನಾ ಸಿಗ್ನಲ್ಲಿನ ಆಟ ಮಾಡ್ದೆ. ಎರಡೂ ಕಡಿಂದ ರೈಲು ಬರ್ತಾವ, ಒಳಗ ಮೂರು ಲೈನ್. ಸಿಗ್ನಲ್ ಕೊಟ್ಟು ಖಾಲಿ ಲೈನಿಗೆ ಬಿಡಬೇಕು. ಒಂದೇ ಲೈನಿಗೆ ಎರಡು ಬಿಟ್ರ ಡಿಕ್ಕಿ, ಕೆಂಪಕ್ಷರದಾಗ "ಆಟ ಮುಗೀತು". ನನ್ನ ದೋಸ್ತರೆಲ್ಲ ಎರಡೇ ನಿಮಿಷದಾಗ ಡಿಕ್ಕಿ ಹೊಡಸ್ತಿದ್ರು. ಗೆದ್ದವರಿಗೆ ಏನ್ ಬರ್ತದ ಅಂತ ಸರ್ ಕೇಳಿದ್ರು. ಅಲ್ಲಿ ತನಕ ಯಾರೂ ಮುಟ್ಟಂಗಿಲ್ರಿ ಸರ್, ಅದಕ್ಕ ಬರದಿಲ್ಲ ಅಂದೆ.

ಚಾರ್ಜು

ಕಡಿ ದಿನ ಎಲ್ಲರ ಮನಿಯವ್ರನ್ನ ಕರದಿದ್ರು. ಸರ್ ಒಂದು ನಿಯಮ ಮಾಡಿದ್ರು. ಆಟ ಮೊದಲು ನೋಡಲಾರದ ದೊಡ್ಡವರೊಬ್ಬರು ಕುಂತು ಆಡಬೇಕು, "ಆಟ ಮುಗೀತು" ಅಂತ ಬರಬೇಕು, ಆಗ ಸರ್ಟಿಫಿಕೇಟು.

ನಮ್ಮಪ್ಪ ಡ್ಯೂಟಿ ಮುಗಿಸಿ ಟೊಪ್ಪಿಗಿ ಸಮೇತ ಬಂದಿದ್ದ. ಕುರ್ಚಿ ಮ್ಯಾಲ ಕುಂದ್ರೋಕಿಂತ ಮೊದಲು, ಚಾರ್ಜ್ ಯಾರ ಕಡಿಂದ ತೊಗೋಬೇಕು ಅಂತ ಕೇಳಿದ. ಸರ್ ನಕ್ಕೋತ, ನನ್ನ ಕಡಿಂದೇ ತೊಗೋರಿ ಅಂದ್ರು.

ಹತ್ತು ನಿಮಿಷ ಆಯ್ತು, ಇಪ್ಪತ್ತಾಯ್ತು. ಅಪ್ಪ ಒಂದು ಗಾಡಿ ಒಳಗ ತೊಗೊಳ್ತಾನ, ಅದು ಹೋಗೋ ತನಕ ಕೈ ಕಟ್ಟಿ ಕುಂದರ್ತಾನ. ಎರಡೂ ಕಡಿ ಸಿಗ್ನಲ್ಲಿಗೆ ಗಾಡಿ ಸಾಲು ಹಿಡದು ನಿಂತ್ವು. ಕಡಿಗಿ ತಿನ್ಲಿಕ್ಕಂತ ಹೆಡ್ ಮಾಸ್ತರರು ತರಿಸಿದ್ದ ಸಮೋಸ ಆರಿ ಹೋದ್ವು. ಹಿಂದಿಂದ ನಾಲವಾರದ ಹುಡುಗ, ಮೂರನೇ ಡಬ್ಬ್ಯಾಗ ನಾ ಕುಂತೀನಿ ನೋಡ್ರಿ ಸರ್ ಅಂದ.

ನನಗ ಮಾವನ ಹುಬ್ಬು ಕಾಣ್ಲಿಕತ್ವು. ಡಿಕ್ಕಿ ಆಗಲಾರದೆ ಆಟ ಮುಗಿಯಂಗಿಲ್ಲ, ಅಪ್ಪ ಇರೋ ತನಕ ಡಿಕ್ಕಿ ಆಗಂಗಿಲ್ಲ. ಹತ್ರ ಹೋಗಿ ಕಿವ್ಯಾಗ, ಒಂದೇ ಒಂದು ಸಲ ಎರಡು ಗಾಡಿ ಒಂದೇ ಲೈನಿಗೆ ಬಿಡಪ್ಪಾ, ಸುಳ್ಳು ಗಾಡಿ ಅವ ಅಂದೆ.

ಅಪ್ಪ ಕಂಪ್ಯೂಟರಿನ ಪರದಾದಿಂದ ಕಣ್ಣು ತೆಗೀಲಿಲ್ಲ. "ಇಪ್ಪತ್ತೆರಡು ವರ್ಷದಾಗ ಮಾಡಿಲ್ಲ. ನಿನ್ನ ಕಾಗದಕ್ಕ ಮಾಡ್ಲೇನು?"

ಸರ್ ಕೈ ಮುಗದು, ಸಾಕ್ರಿ, ಏಳ್ರಿ ಅಂದ್ರು. ಬದಲಿ ಬರಲಾರದೆ ಕೇಬಿನ್ ಬಿಟ್ಟು ಏಳಂಗಿಲ್ಲ ಅಂದ ಅಪ್ಪ. ಹಸದಿದ್ದ ಹೆಡ್ ಮಾಸ್ತರರೇ ಬದಲಿ ಬಂದ್ರು. ಅಪ್ಪ ನನ್ನ ರಫ್ ನೋಟ್‌ಬುಕ್ಕಿನಾಗ, ಎರಡನೇ ಲೈನಿನಾಗ ಗಾಡಿ ಅದ, ಉಳದ ಎರಡು ಖಾಲಿ ಅಂತ ಬರದು, ಅವರ ಸಹಿ ತೊಗೊಂಡು ಎದ್ದ.

ಹೆಡ್ ಮಾಸ್ತರರು ಭಾಳ ಮೆತ್ತನ್ನ ಮನಷ್ಯಾ. ತಡ ಆಗಿ ಬಂದ ಹುಡುಗ್ರನ್ನ ಯಾವತ್ತೂ ಗೇಟಿನಾಗ ನಿಲ್ಲಿಸಿದವರಲ್ಲ. ಪಾಪ ಎಷ್ಟೊತ್ತು ನಿಂತಾವ ಅಂತ ಎಲ್ಲಾ ಸಿಗ್ನಲ್ ಒಮ್ಮೆಲೇ ಕೊಟ್ಟುಬಿಟ್ರು.

ಡಿಕ್ಕಿ. ಕೆಂಪಕ್ಷರ ಬಂತು. ಮಂದಿಯೆಲ್ಲ ಚಪ್ಪಾಳಿ ಹೊಡದ್ರು. ಹೆಡ್ ಮಾಸ್ತರರೂ ಆಟ ಮೊದಲು ನೋಡಲಾರದ ದೊಡ್ಡವರೇ, ನಿಯಮ ಮುಗೀತು ಅಂತ ಸರ್ ಅಲ್ಲೇ ಸರ್ಟಿಫಿಕೇಟ್ ಕೊಟ್ರು. ನಾ ತಿರುಗಿ ನೋಡಿದ್ರ, ಅಷ್ಟು ಮಂದ್ಯಾಗ ಅಪ್ಪ ಒಬ್ಬಾಂವೇ ಟೊಪ್ಪಿಗಿ ತೆಗದು, ತಲಿ ತಗ್ಗಿಸಿ ನಿಂತಿದ್ದ.

ಮನಿಗೆ ಬಂದ ಮ್ಯಾಲ ಅವ್ವ ಖುಷಿಲಿ ಮೊಳಿ, ಸುತ್ತಗಿ ತಂದ್ಲು. ಅಪ್ಪ ಕೈ ಅಡ್ಡ ಹಿಡದ.

"ಮಾತು ಕೊಟ್ಟೀನಿ, ಕಂಪ್ಯೂಟರ್ ಕಲಿ. ಶಹಾಬಾದಿಗೆ ಹೋಗೋದು ಬ್ಯಾಡ. ಆದ್ರ ಆ ಡಿಕ್ಕಿದು ಎನ್‌ಕ್ವೈರಿ ಆಗೋ ತನಕ ಅದನ್ನ ಗ್ವಾಡಿಗೆ ಹಚ್ಚಬ್ಯಾಡ."