ಕಂಪ್ರೆಸರ್ ಡಬ್ಬಿಯೂ ನನ್ನ ಮರ್ಯಾದೆಯೂ

ಮಾನ ಹೋಗುವ ಪ್ರಸಂಗಗಳು ನನ್ನ ಮನೆಯನ್ನು ಹುಡುಕಿಕೊಂಡೇ ಬರುತ್ತವೆ. ಮೊದಲು ಅಪರೂಪಕ್ಕೊಂದು ಬರುತ್ತಿತ್ತು. ಕಂಪ್ರೆಸರ್ ತಂದ ಮೇಲೆ ಸಾಲು ಹಚ್ಚಿದವು.

ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಮನೆಯ ಹಿಂದಿನ ಖೋಲಿಯ ಗೋಡೆಗಳಿಗೆ, ದನಿ ಮಾರ್ದನಿಸದಂತೆ, ಹೆಂಡತಿ ಹೊಲಿದ ಕೌದಿಗಳನ್ನು ತೂಗುಹಾಕಿ, ಮೈಕು, ಕಂಪ್ಯೂಟರ್ ಇಟ್ಟುಕೊಂಡು ಭಜನೆ ರೆಕಾರ್ಡ್ ಮಾಡುವುದು ನನ್ನ ಹುಚ್ಚು. ಬೆಳಗಾವಿಯಲ್ಲಿ ಮುಚ್ಚಿಹೋದ ಒಂದು ಸ್ಟುಡಿಯೋದವರಿಂದ ಈ ಕಂಪ್ರೆಸರ್ ಡಬ್ಬಿ ತಂದೆ. ಅದರ ಕೆಲಸ ಇಷ್ಟೇ: ಜೋರು ದನಿಯನ್ನು ಅದುಮುತ್ತದೆ, ಸಣ್ಣ ದನಿಯನ್ನು ಮೇಲೆತ್ತುತ್ತದೆ, ಎರಡನ್ನೂ ಹತ್ತಿರ ಹತ್ತಿರ ತರುತ್ತದೆ.

೧. ದಪ್ಪ ದನಿ

ಮೊದಲು ಬಂದವರು ಹುಕ್ಕೇರಿಯ ಭಜನಾ ಮಾಸ್ತರರು. "ದನಿ ಸ್ವಲ್ಪ ದಪ್ಪ ಮಾಡ್ರಿ ಸರ" ಅಂದರು. ನಾನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ಒಂದು ಗುಂಡಿಯನ್ನು ಕೂದಲೆಳೆಯಷ್ಟು ತಿರುವಿದೆ.

"ಹಾಂ, ಈಗ ಬಂತ ನೋಡ್ರಿ."

ನನಗೂ ಹಾಗೇ ಕೇಳಿಸಿತು. ನಾಲ್ಕು ತಿಂಗಳು ಹೀಗೇ ತಿರುವಿದೆ. ಒಂದು ದಿನ ಧೂಳು ಒರೆಸುತ್ತಿದ್ದ ಹೆಂಡತಿ ಕೇಳಿದಳು: "ಈ ಬಟನ್ ಒತ್ತಿಟ್ಟೀರಲ್ಲ, ಇದರ ಮ್ಯಾಲ ಬೈಪಾಸ್ ಅಂತ ಬರದೈತಿ. ಬೈಪಾಸ್ ಹಿಡದ ಬಸ್ಸು ಊರಾಗ ಬರತೈತೇನ್ರಿ?"

ಬರುವುದಿಲ್ಲ. ನಾಲ್ಕು ತಿಂಗಳು ಒಂದು ದನಿಯೂ ಆ ಡಬ್ಬಿಯ ಒಳಗೆ ಕಾಲಿಟ್ಟಿರಲಿಲ್ಲ. ಮಾಸ್ತರರಿಗೆ ಹೇಳಲು ನಾಲಗೆ ಏಳಲಿಲ್ಲ. ಮರುವಾರ ಅವರು ಗೆಳೆಯರೊಬ್ಬರನ್ನು ಕರೆತಂದು, "ನನಗ ಮಾಡಿದ್ರೆಲಾ, ಬರೋಬ್ಬರಿ ಹಂಗ ಇವರಿಗೂ ಮಾಡ್ರಿ" ಅಂದರು.

ಬೇರೆ ದಾರಿಯಿರಲಿಲ್ಲ, ಬೈಪಾಸ್ ಬಟನ್ನನ್ನು ಮತ್ತೆ ಒತ್ತಿದೆ.

೨. ಉಸಿರು

ಆ ನಾಚಿಕೆಗೆ ಡಬ್ಬಿಯನ್ನು ಪೂರಾ ದುಡಿಸಬೇಕೆಂದು ಹಟ ಹಿಡಿದೆ. ಶಾಲೆಯ ವಾರ್ಷಿಕ ಗ್ಯಾದರಿಂಗಿಗೆ ಸ್ವಾಗತ ಗೀತೆಯನ್ನು ನಾನೇ ಹಾಡಿ, ಬೈಪಾಸ್ ತೆಗೆದು, ಎಲ್ಲ ಗುಂಡಿಗಳನ್ನೂ ಕೊನೆತನಕ ತಿರುವಿ ರೆಕಾರ್ಡ್ ಮಾಡಿದೆ. ಸಣ್ಣ ಸದ್ದನ್ನೆಲ್ಲ ಅದು ಎತ್ತಿ ಕೊಟ್ಟಿತು: ಫ್ಯಾನು, ಪಾರಿವಾಳ, ನಾನು ಉಗುಳು ನುಂಗಿದ್ದು, ಎರಡು ಸಾಲಿನ ನಡುವೆ ನಾನು ಎಳೆದ ಉಸಿರು.

ಹೆಡ್ ಮಾಸ್ತರರು ಪೂರ್ತಿ ಕೇಳಿ, ತಮ್ಮ ಮುಂದಿದ್ದ ನೀರಿನ ಬಾಟಲಿಯನ್ನು ನನ್ನತ್ತ ಸರಿಸಿದರು.

"ಕುಡೀರಿ ಸರ. ಗೋಕಾಕ ಫಾಲ್ಸ್‌ನಿಂದ ಓಡಿಕೋತ ಬಂದು ಹಾಡಿದಂಗೈತಿ."

೩. ಅಜ್ಜಿಯ ಪದ

ಅಷ್ಟಾದರೂ ಬುದ್ಧಿ ಬರಬೇಕಿತ್ತು.

ಬೆಲ್ಲದ ಬಾಗೇವಾಡಿಯಲ್ಲಿ ಹೆಂಡತಿಯ ಅಜ್ಜಿ ಇದ್ದಾರೆ. ಹನ್ನೊಂದು ನುಡಿಯ, ಅಂದರೆ ಹನ್ನೊಂದು ಚರಣದ, ಒಂದು ಭಜನೆ ಪದ ಅವರೊಬ್ಬರಿಗೇ ಪೂರ್ತಿ ಬರುವುದು. ಮೂಡಲಗಿಯ ಹೆಣ್ಣುಮಕ್ಕಳ ಭಜನಾ ಸಂಘದವರು ಕಲಿಯಲು ತಯಾರಿದ್ದರು. ಆದರೆ ಅಜ್ಜಿಯ ದನಿ ಬಿದ್ದುಹೋಗಿತ್ತು. ಪಲ್ಲವಿಗೆ ಗಟ್ಟಿಯಾಗಿ ಏಳುವುದು, ನುಡಿಗೆ ಬಂದರೆ ಗಾಳಿಯಷ್ಟೇ ಉಳಿಯುವುದು. ನನ್ನ ಡಬ್ಬಿ ಇರುವುದೇ ಇಂಥ ದನಿಗೆ. ಅಜ್ಜಿಯನ್ನು ನಮ್ಮ ಮನೆಗೆ ಕರೆತಂದು ಮೈಕಿನ ಮುಂದೆ ಕೂರಿಸಿದೆ.

"ನಾ ಹ್ವಾದ ಮ್ಯಾಲೂ ಈ ಪದ ಉಳೀಬೇಕ್ರಿ ಅಳಿಯಂದ್ರ" ಅಂದರು ಅಜ್ಜಿ.

"ಉಳಸ್ತೇನ್ರಿ ಅಜ್ಜಿ" ಅಂದೆ, ಎದೆ ಮುಟ್ಟಿಕೊಂಡು.

ಒಂದೊಂದು ನುಡಿ ಮುಗಿದಾಗಲೂ ಅಜ್ಜಿ ನೀರು ಕುಡಿದು, ಮುಂದಿನದನ್ನು ನೆನೆಸಿಕೊಂಡು ಹಾಡಿದರು. ಏಳನೆಯದು ಮುಗಿಯುವಾಗ ಮಧ್ಯಾಹ್ನ ಎರಡೂವರೆ. ಅಡಿಗೆಮನೆಯಿಂದ ಎಣ್ಣೆಗಾಯಿ ವಾಸನೆ ಬರುತ್ತಿತ್ತು. ನಾನು ಗೋಡೆಗೆ ತಿರುಗಿ, ನನಗೇ ಕೇಳಿಸದಷ್ಟು ಸಣ್ಣಗೆ ಏನೋ ಗೊಣಗಿದೆ. ಉಳಿದ ನಾಲ್ಕು ನುಡಿಯೂ ಆಗಿ ರೆಕಾರ್ಡಿಂಗ್ ಮುಗಿಯಿತು. ಹಸಿವಿನಲ್ಲಿ ಅದನ್ನು ಪೂರ್ತಿ ಕೇಳದೆ ಮೂಡಲಗಿಗೆ ವಾಟ್ಸಾಪ್ ಮಾಡಿ, ಊಟಕ್ಕೆ ಕುಳಿತೆ.

ಹೆಂಗಸರು ತಿಂಗಳೊಪ್ಪತ್ತು ಕಲಿತು, ಒಂದು ಸೋಮವಾರ ಸಂಜೆ ನಮ್ಮನ್ನು ಕರೆದರು. ಅಜ್ಜಿಗೆ ಮುಂದೆ ಖುರ್ಚಿ, ನನಗೆ ಶಾಲು. ಸಂಘದ ಹಿರಿಯಕ್ಕ ಒಂದು ಸಾಲು ಹಾಡಿದರೆ ಉಳಿದ ಹನ್ನೆರಡು ಮಂದಿ ಅದನ್ನೇ ತಿರುಗಿ ಹಾಡುವುದು ಅಲ್ಲಿಯ ಪದ್ಧತಿ. ಒಂದಕ್ಷರ ಬಿಡದೆ ಹಾಡುತ್ತಿದ್ದರು. ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಖರೆ ಹೇಳುತ್ತೇನೆ, ನನ್ನ ಕಣ್ಣು ತುಂಬಿತ್ತು.

ಏಳನೆಯ ನುಡಿ ಮುಗಿಯಿತು. ಹಿರಿಯಕ್ಕ ಕಣ್ಣು ಮುಚ್ಚಿ, ದನಿ ಎಳೆದು ಹಾಡಿದರು:

"ಇನ್ನೂ ಎಷ್ಟ ನುಡಿ ಅದಾವೋ ಶಿವನೇ..."

ಹನ್ನೆರಡು ಮಂದಿ ತಾಳ ಕುಟ್ಟಿ, ಎರಡೆರಡು ಸಲ ಅದನ್ನೇ ತಿರುಗಿ ಹಾಡಿದರು.

ಹೆಂಡತಿ ನನ್ನ ಮುಖ ನೋಡಿದಳು. ನಾನು ಶಾಲಿನ ಜರಿ ಎಣಿಸತೊಡಗಿದೆ. ನೆಲ ಬಾಯಿ ಬಿಟ್ಟಿದ್ದರೆ ಶಾಲಿನ ಸಮೇತ ಇಳಿದುಬಿಡುತ್ತಿದ್ದೆ. ಒಬ್ಬ ಮುದುಕಿ ನನ್ನನ್ನು ನಂಬಿ ತನ್ನ ಪದವನ್ನು ಕೈಗೆ ಕೊಟ್ಟಿದ್ದರು, ನಾನು ಅದರಲ್ಲಿ ನನ್ನ ಹೊಟ್ಟೆಯ ಗೋಳು ಸೇರಿಸಿ ಕಳಿಸಿದ್ದೆ.

ಹನ್ನೊಂದೂ ನುಡಿ ಮುಗಿದ ಮೇಲೆ ಹಿರಿಯಕ್ಕ ಕೇಳಿದರು: "ಪದ ಸರಿ ಬಂತೇನ್ರಿ ಅಜ್ಜಿ?"

ಅಜ್ಜಿ ಸಾವಕಾಶ ನನ್ನ ಕಡೆ ತಿರುಗಿದರು.

"ಎಲ್ಲಾ ಬರೋಬ್ಬರಿ ಐತವಾ. ಆದ್ರ ಏಳನೇ ನುಡಿ ಆದ ಮ್ಯಾಲಿನ ಸಾಲು ನಮ್ಮ ಅಳಿಯಂದ್ರದು. ಅದನ್ನ ಅವರ ಹಾಡಬೇಕು. ತಾಳ ಕೊಡ್ರಿ ಅವರಿಗೆ."

ತಾಳ ಕೈಗೆ ಬಂತು. ಎಲ್ಲರೂ ಏಳನೆಯ ನುಡಿಯನ್ನು ಮತ್ತೊಮ್ಮೆ ಹಾಡಿ ನನಗಾಗಿ ನಿಂತರು. ನಾನು ತಲೆ ತಗ್ಗಿಸಿ, ಅವತ್ತು ಗೊಣಗಿದಷ್ಟೇ ಸಣ್ಣಗೆ ಶುರು ಮಾಡಿದೆ. ಅಜ್ಜಿ ಕೈಯೆತ್ತಿ ನಿಲ್ಲಿಸಿದರು.

"ಜೋರ ಹಾಡ್ರಿ ಅಳಿಯಂದ್ರ. ಇಲ್ಲಿ ಡಬ್ಬಿ ಇಲ್ಲ."