ಗೇಟಿನ ಮುಂದಿನ ಬಂಡೆ

ಕುರುಗೋಡಿನ ಪಕ್ಕೀರಪ್ಪ ಹಳೇ ಕಾರು ಕೊಂಡ, ಅಂಗಳದಲ್ಲಿ ತಗಡಿನ ಶೆಡ್ಡು ಹಾಕಿಸಿದ, ದೊಡ್ಡ ಗೇಟು ಇಡಿಸಿದ. ಎಲ್ಲ ಮುಗಿದ ಮೇಲೆ ಗೊತ್ತಾಯಿತು, ಗೇಟಿನ ಎದುರಿನ ಬಂಡೆ ಕಾರನ್ನು ಒಳಗೆ ಬಿಡುವುದಿಲ್ಲ ಎಂದು. ಹುಟ್ಟಿದಾಗಿನಿಂದ ಅದರ ಪಕ್ಕದಲ್ಲೇ ನುಸುಳಿ ಓಡಾಡಿದ ಪುಣ್ಯಾತ್ಮನಿಗೆ ಅಲ್ಲೊಂದು ಬಂಡೆಯಿದೆ ಎಂಬುದೇ ಮರೆತುಹೋಗಿತ್ತು.

ಹದಿನೈದು ದಿನದಿಂದ ಕಾರು ಓಣಿಯ ತುದಿಯಲ್ಲಿ ನಿಂತು ಆಡುಗಳಿಗೆ ಮಂಚವಾಗಿತ್ತು. ಹೆಂಡತಿ ಸುಧಾರಾಣಿ ಬೆಳಿಗ್ಗೆಯೇ ಕಡ್ಡಿ ಮುರಿದಂತೆ ಹೇಳಿದಳು. "ಇವತ್ತು ಕಾರು ಶೆಡ್ಡಿನಾಗ ನಿಂತ್ರ ನಾಳೆ ನಿಮ್ಮ ಜೋಡಿ ಅದರಾಗ ಸಿರುಗುಪ್ಪದ ಮದುವಿಗೆ ಬರ್ತೀನಿ. ಇಲ್ಲಂದ್ರ ಬಸ್ಸಿಗೆ ತವರಿಗೆ ಹೋಗಿ ಅಲ್ಲೇ ಇರ್ತೀನ್ರಿ."

ಪಕ್ಕೀರಪ್ಪ ಓಡಿಹೋಗಿ ಭೀಮರಾಜನ ಜೆಸಿಬಿ ಕರೆತಂದ. ಸದ್ದು ಕೇಳಿ ಮೊದಲು ಬಂದವರು ನಿವೃತ್ತ ಭೂಗೋಳದ ಮಾಸ್ತರು ವೀರಭದ್ರಪ್ಪ.

"ಪಕ್ಕೀರಪ್ಪ, ಈ ಬಂಡೆಗೆ ಇನ್ನೂರೈವತ್ತು ಕೋಟಿ ವರ್ಷ. ಹಿಮಾಲಯ ಇದರ ಮುಂದ ಕೂಸು. ಸಮುದ್ರದ ದಂಡ್ಯಾಗಿನ ಜಿಬ್ರಾಲ್ಟರ್ ಬಂಡೆ ಸಲುವಾಗಿ ದೇಶ ದೇಶನ ಬಡಿದಾಡ್ಯಾವ. ನೀ ನೋಡಿದ್ರ ಒಂದು ಹಳೇ ಕಾರಿನ ಸಲುವಾಗಿ ಕೀಳಾಕ ಹೊಂಟೀದಿ."

"ವಯಸ್ಸಾಗೈತಿ ಅಂತನ ಬ್ಯಾರೆ ಕಡೆ ಕಳಿಸಾಕತ್ತೀನ್ರಿ ಮಾಸ್ತರ," ಎಂದ ಪಕ್ಕೀರಪ್ಪ.

ಅಷ್ಟರಲ್ಲಿ ಎದುರುಮನೆಯ ಮುದುಕಿ ಗಾದೆಮ್ಮ ಬಂದು ಬಂಡೆಯ ಮೇಲೆಯೇ ಕುಳಿತಳು. "ಭೀಮಸೇನ ಉಣ್ಣಾಗ ಅನ್ನದಾಗ ಹಲ್ಲಿಗೆ ಸಿಕ್ಕ ಕಲ್ಲಿನ ಹಳ್ಳು ಇದು. ಉಗುಳಿ ಹ್ವಾದ. ಆಮ್ಯಾಲೆ ದುರುಗಮ್ಮ ತಾಯಿ ಇದರಾಗ ಬಂದು ನೆಲಸ್ಯಾಳ. ಮುಟ್ಟಿದ್ರ ಕೈ ಸೆಟದು ಹೋಗ್ತಾವ."

ಭೀಮರಾಜ ತಟ್ಟನೆ ಜೆಸಿಬಿ ಬಂದ್ ಮಾಡಿ ತನ್ನ ಕೈಗಳನ್ನು ನೋಡಿಕೊಂಡ. ಪಕ್ಕೀರಪ್ಪನಿಗೆ ಅಳುವೇ ಬಂತು. ಸಂಜೆಯಾದರೆ ಹೆಂಡತಿ ಸೀರೆ ಮಡಚಿ ಚೀಲಕ್ಕೆ ತುಂಬುತ್ತಾಳೆ. ಅವನೊಂದು ಉಪಾಯ ಹೂಡಿದ.

"ಗಾದೆಮ್ಮವ್ವ, ತಾಯಿನ್ನ ಕೇಳೂಣು. ಹೂ ಹಚ್ಚೂಣು."

ಹೂ ಬಲಕ್ಕೆ ಬಿದ್ದರೆ ದೇವರ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ಇದಕ್ಕೆ ಯಾರೂ ಇಲ್ಲವೆನ್ನುವಂತಿಲ್ಲ; ಗಾದೆಮ್ಮ ಬಂಡೆಯಿಂದ ಇಳಿದಳು. ಪಕ್ಕೀರಪ್ಪ ತಾನೇ ಗುಂಡಗಿನ ಚೆಂಡುಹೂವು ತಂದು, ಬಂಡೆಯ ಬಲಬದಿಯಲ್ಲಿ ಗೇಟಿನ ಕಡೆಗಿದ್ದ ಇಳಿಜಾರಿನಲ್ಲಿ, ಬೇಗ ಜಾರಲೆಂದು ನೀರು ಮುಟ್ಟಿಸಿಯೂ ಮುಟ್ಟಿಸದಂತೆ ಅಂಟಿಸಿ ಕೈಮುಗಿದ. ಕಣ್ಣು ಮುಚ್ಚುವಷ್ಟರಲ್ಲಿ ಹೂ ಬಲಕ್ಕೆ ಬಿತ್ತು. ನೆರೆದವರೆಲ್ಲ ಗಲ್ಲ ಗಲ್ಲ ಬಡಿದುಕೊಂಡರು.

"ಒಪ್ಪಿದ್ಲು ತಾಯಿ. ಭೀಮರಾಜ, ಎತ್ತು. ಗುಡ್ಡದ ಕಡೆ ನಡಿ," ಎಂದ ಪಕ್ಕೀರಪ್ಪ.

"ನಿಂದ್ರಲೇ," ಎಂದಳು ಗಾದೆಮ್ಮ. "ಗುಡ್ಡಕ್ಕ ಅಂತ ಯಾರು ಹೇಳಿದ್ರು? ಹೂ ಎಲ್ಲಿಗೆ ಹೋಗೈತಿ ನೋಡು."

ಎಲ್ಲರೂ ನೋಡಿದರು. ಚೆಂಡುಹೂವು ಉರುಳುತ್ತ ಉರುಳುತ್ತ ಗೇಟು ದಾಟಿ ಶೆಡ್ಡಿನ ನಟ್ಟನಡುವೆ ನಿಂತಿತ್ತು.

"ಎಷ್ಟು ವರ್ಷ ಬಿಸಿಲಾಗ ಕುಂತಾಳ. ನೆರಳು ಬೇಡ್ಯಾಳ, ಪಾಪ," ಎಂದಳು ಗಾದೆಮ್ಮ.

"ಬಿಸಿಲಿಗೆ ಬಂಡೆ ಸೀಳ್ತಾವ. ನೆರಳು ಒಳ್ಳೇದು," ಎಂದು ಮಾಸ್ತರು ಶಾಸ್ತ್ರಪ್ರಕಾರ ಒಪ್ಪಿಗೆ ಕೊಟ್ಟರು.

ಹೂ ಹಚ್ಚೋಣ ಎಂದವನು ತಾನೇ. ಈಗ ಏನೆಂದು ಬಾಯಿಬಿಡುವುದು? ಅರ್ಧ ಗಂಟೆಯಲ್ಲಿ ಬಂಡೆ ಶೆಡ್ಡಿನ ತಗಡಿನ ಕೆಳಗೆ ತಣ್ಣಗೆ ಕುಳಿತಿತ್ತು. ಭೀಮರಾಜ ಬಾಡಿಗೆಯ ಮಾತೂ ಎತ್ತದೆ, ಕಾಯಿ ಒಡೆದು ಹೊರಟುಹೋದ.

ಒಳಗೆ ಸುಧಾರಾಣಿ ಚೀಲ ಹುಡುಕುತ್ತಿದ್ದಳು. ಕಾರನ್ನು ಗೇಟಿನ ಹತ್ತಿರವಾದರೂ ತಂದು ನಿಲ್ಲಿಸಿದರೆ ಮನಸ್ಸು ಕರಗೀತೆಂದು ಪಕ್ಕೀರಪ್ಪ ಲಗುಬಗೆಯಿಂದ ಓಡಿಸಿಕೊಂಡು ಬಂದ. ಬಂಡೆ ಕಿತ್ತ ತಗ್ಗಿಗೆ ಮುಂದಿನ ಎರಡೂ ಚಕ್ರ ದಬಕ್ಕನೆ ಇಳಿದವು. ಕಾರು ಮುಂದೂ ಹೋಗಲಿಲ್ಲ, ಹಿಂದೂ ಬರಲಿಲ್ಲ.

ಗಾದೆಮ್ಮ, ಮಾಸ್ತರು, ಇಡೀ ಓಣಿ ಮತ್ತೆ ಸೇರಿತು.

"ಪಕ್ಕೀರಪ್ಪ," ಎಂದರು ಮಾಸ್ತರು ಸಿಟ್ಟಿನಿಂದ, "ಮಂದಿ ಅಡ್ಡಾಡೋ ದಾರ್ಯಾಗ ಇಂಥದ್ದು ತಂದು ಅಡ್ಡ ಇಟ್ರ ಹೆಂಗಪ? ಮೊದಲು ಇದನ್ನ ಇಲ್ಲಿಂದ ತಗಸು."