ಹಳದಿ ಫ್ರಾಕಿನ ಕುರಿ

ಹನ್ನೆರಡು ಮಕ್ಕಳನ್ನು ಒಂದು ಗಂಟೆ ಕೂರಿಸಿ ಒಂದು ಕಥೆ ಹೇಳುವುದು ಏನು ಮಹಾ ಕೆಲಸ? ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ಗುಮಾಸ್ತರನ್ನು ಹುಬ್ಬಿನ ಸನ್ನೆಯಲ್ಲೇ ಆಳುವವನು ನಾನು! ಹಾಗಾಗಿ ಆ ಭಾನುವಾರ ಬೆಳಿಗ್ಗೆ ಹೆಂಡತಿಯ ಗಂಟಲು ಕಟ್ಟಿ, ಮಾತೆಲ್ಲ ಬರೀ ಪಿಸುದನಿಯಾದಾಗ, "ಇವತ್ತಿನ ಸಂಡೇ ಸ್ಕೂಲು ನನ್ನದು" ಎಂದು ಘೋಷಿಸಿಬಿಟ್ಟೆ.

ಚರ್ಚಿನ ಪಕ್ಕದ ಕೋಣೆಯ ಚಾವಣಿ ಸೋರುತ್ತದೆಂದು ಎರಡು ವಾರದ ಮಟ್ಟಿಗೆ ನಮ್ಮ ಮನೆಗೆ ಬಂದ ತರಗತಿ ಅದು. ಬಂದು ಆರು ವರ್ಷವಾಯಿತು. ಚಾವಣಿ ದುರಸ್ತಿಗೆಂದು ರಚಿಸಿದ ಸಮಿತಿ ಇನ್ನೂ ಸಭೆ ಸೇರಿ ಚಹಾ ಕುಡಿಯುತ್ತಲೇ ಇದೆ. ಈಗ ಆ ಘನ ಸಮಿತಿಗೆ ಇದ್ದಕ್ಕಿದ್ದಂತೆ ಜ್ಞಾನೋದಯವಾಗಿತ್ತು: ಯಾರದೋ ಮನೆಯಲ್ಲಿ ಮಕ್ಕಳು ಸುರಕ್ಷಿತರೇ? ಅದನ್ನು ಕಣ್ಣಾರೆ ನೋಡಿ, ತರಗತಿ ಇರಬೇಕೋ ಮುಚ್ಚಬೇಕೋ ಎಂದು ತೀರ್ಮಾನಿಸಲು ಚರ್ಚಿನ ಸಭಾಪಾಲಕರು ಅವತ್ತೇ ಹನ್ನೊಂದು ಗಂಟೆಗೆ ಬರುವವರಿದ್ದರು. ನನ್ನ ಹೆಂಡತಿಗೆ ವಾರದ ಆರು ದಿನಗಳು ಇರುವುದೇ ಈ ಏಳನೆಯ ದಿನಕ್ಕಾಗಿ. ಮೂರು ದಿನದಿಂದ ಅವಳು ಸರಿಯಾಗಿ ಊಟ ಮಾಡಿರಲಿಲ್ಲ.

"ಇವತ್ತು ತಪ್ಪಿಹೋದ ಕುರಿಯ ಕಥೆ. ರಟ್ಟಿನ ಮೇಲೆ ಹತ್ತಿ ಅಂಟಿಸಿ ಕುರಿ ಮಾಡ್ಸಿ, ಸಾಕು" ಎಂದು ಪಿಸುಗುಟ್ಟಿದಳು.

"ಹತ್ತಿ! ಗೋಂದು! ಇದೇನು ಪಾಠವೋ, ದಿಂಬಿನ ಕಾರ್ಖಾನೆಯೋ? ನಾನು ಮಾಡಿ ತೋರಿಸ್ತೀನಿ ನೋಡು, ನಿಜವಾದ ಕುರಿ, ನಿಜವಾದ ಹುಡುಕಾಟ!"

"ರೀ, ಬೇಡ ರೀ..."

"ಸಭಾಪಾಲಕರು ಬೆರಗಾಗ್ಬೇಕು!"

ಅವಳು ಹಣೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಪ್ರತಿಭೆಯ ಮುಂದೆ ಸಾಮಾನ್ಯರಿಗೆ ತಲೆನೋವು ಬರುವುದು ಸಹಜ ಎಂದುಕೊಂಡೆ.

ಮಕ್ಕಳಲ್ಲಿ ತೀರಾ ಚಿಕ್ಕವಳೊಬ್ಬಳಿದ್ದಳು. ಹಳದಿ ಫ್ರಾಕು, ಎರಡು ಜಡೆ. ಕಿವಿಯ ಹತ್ತಿರ ಬಂದು ಗುಂಯ್‌ಗುಡುವ ಅಭ್ಯಾಸವಿದ್ದುದರಿಂದ ಮಕ್ಕಳು ಅವಳನ್ನು ಸೊಳ್ಳೆ ಎಂದು ಕರೆಯುತ್ತಿದ್ದರು. ಅವಳನ್ನು ಕರೆದು ಆಜ್ಞಾಪಿಸಿದೆ: "ನೀನು ತಪ್ಪಿಹೋದ ಕುರಿ. ಹೋಗಿ ಬಚ್ಚಿಟ್ಕೋ. ಯಾರು ಕೂಗಿದ್ರೂ ಬರಬೇಡ. ನಾನೇ ಕೂಗಿದ್ರೂ ಬಾಯಿ ಬಿಡಬೇಡ!"

ಇಪ್ಪತ್ತೆರಡು ಗುಮಾಸ್ತರಲ್ಲಿ ಒಬ್ಬನಾದರೂ ನನ್ನ ಮಾತನ್ನು ಅಷ್ಟು ಅಕ್ಷರಶಃ ಪಾಲಿಸಿದ್ದಿಲ್ಲ. ಉಳಿದ ಹನ್ನೊಂದು ಮಕ್ಕಳು ಮಂಚದ ಕೆಳಗೆ ನುಗ್ಗಿದರು, ಪರದೆ ಕಿತ್ತರು, ಅಕ್ಕಿ ಡಬ್ಬಕ್ಕೆ ಕೈ ಹಾಕಿದರು, ನನ್ನ ಪೆಟ್ಟಿಗೆಯನ್ನೂ ಬಿಡಲಿಲ್ಲ. ಸೊಳ್ಳೆ ಇಲ್ಲ! ನಾನು ಕೂಗಿದೆ, ಗದರಿಸಿದೆ, ಕೊನೆಗೆ ಅಂಗಲಾಚಿದೆ. ಉಸಿರಿಲ್ಲ. ಆಗ ನೋಡುತ್ತೇನೆ, ಬೀದಿ ಬಾಗಿಲು ಹಾರು ಹೊಡೆದಿದೆ! ಗಡಿಯಾರ ಹತ್ತೂವರೆ ತೋರಿಸುತ್ತಿತ್ತು.

ಚಪ್ಪಲಿ ಮೆಟ್ಟುವಷ್ಟರಲ್ಲಿ ಹೆಂಡತಿ ಓಡಿ ಬಂದಳು. "ಈ ಹನ್ನೊಂದು ಮಕ್ಕಳನ್ನ ಬಿಟ್ಟು ಎಲ್ಲಿಗೆ ಹೊರಟ್ರಿ?"

"ಕುರಿ ಕಾಯುವವನು ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟೇ ಹೋದ! ಕಥೆ ಗೊತ್ತಿಲ್ವಾ ನಿಂಗೆ?" ಎಂದು ಆರು ವರ್ಷದಿಂದ ಆ ಕಥೆ ಹೇಳುತ್ತಿರುವವಳಿಗೇ ಬುದ್ಧಿ ಹೇಳಿ ಬೀದಿಗಿಳಿದೆ.

ಮೂಲೆಯ ದರ್ಜಿಯನ್ನು ಕೇಳಿದೆ, "ಒಂದು ಪುಟ್ಟ ಹುಡುಗಿ ಈ ಕಡೆ ಬಂದ್ಲಾ? ಹಳದಿ ಫ್ರಾಕು, ಎರಡು ಜಡೆ."

"ಮುಖ ಹೇಗಿದೆ ಸ್ವಾಮಿ?"

"ಮುಖ... ಮುಖ ಮಕ್ಕಳ ಮುಖದ ಹಾಗೇ ಇದೆ!"

ದರ್ಜಿ ನನ್ನನ್ನು ವಿಚಿತ್ರವಾಗಿ ನೋಡಿದ. ನಾನೇನು ಮಾಡಲಿ? ಆರು ವರ್ಷದಿಂದ ಪ್ರತಿ ಭಾನುವಾರ ನಾನು ಕೂರುವುದು ದಿನಪತ್ರಿಕೆಯ ಹಿಂದೆ. ಅದರ ಕೆಳಗಿನಿಂದ ಕಾಣುವುದು ಇಪ್ಪತ್ತನಾಲ್ಕು ಪಾದಗಳು ಮಾತ್ರ!

ಅಷ್ಟರಲ್ಲಿ ಬೇಕರಿಯ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದಳು ನನ್ನ ಕುರಿ! ಹಳದಿ ಫ್ರಾಕು, ಎರಡು ಜಡೆ. ಕಣ್ಣಲ್ಲಿ ನೀರು ಬಂತು. ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಓಡಿದೆ. ಅವಳಿಗೂ ಖುಷಿ. "ಅಂಕಲ್, ಇನ್ನೂ ಜೋರಾಗಿ!" ಎಂದು ನನ್ನ ಕೂದಲು ಹಿಡಿದು ನಡೆಸಿದಳು. ತಿರುಗಿ ನೋಡಿದರೆ ಹಿಂದೆ ಜನ! ಬ್ರೆಡ್ಡು ಹಿಡಿದ ಹೆಂಗಸು, ಬೇಕರಿಯವನು, ಕೊರಳಲ್ಲಿ ಟೇಪು ನೇತಾಡುತ್ತಿದ್ದ ದರ್ಜಿ, ಎಲ್ಲರೂ ಕೈ ಬೀಸುತ್ತ ಓಡಿ ಬರುತ್ತಿದ್ದಾರೆ. ಕಥೆಯಲ್ಲೂ ಹಾಗೇ ಅಲ್ಲವೇ? ಕುರಿ ಸಿಕ್ಕಿದಾಗ ನೆರೆಹೊರೆಯವರೆಲ್ಲ ಸೇರಿ ಸಂತೋಷಪಡುತ್ತಾರೆ! "ಬನ್ನಿ, ಬನ್ನಿ! ಸಿಕ್ಕಿದಳು!" ಎಂದು ನಾನೂ ಕೈ ಬೀಸಿದೆ.

ಮನೆ ಮುಂದೆ ಸಭಾಪಾಲಕರ ಸ್ಕೂಟರು ನಿಂತಿತ್ತು. ವಿಜಯೋತ್ಸವದಿಂದ ಒಳನುಗ್ಗಿದೆ. ಮಕ್ಕಳು ಸಾಲಾಗಿ ಕೂತು, ಸದ್ದಿಲ್ಲದೆ ರಟ್ಟಿನ ಮೇಲೆ ಹತ್ತಿ ಅಂಟಿಸುತ್ತಿದ್ದರು. ಎಣಿಸಿದೆ. ಹನ್ನೆರಡು! ಕೊನೆಯಲ್ಲಿ ಹಳದಿ ಫ್ರಾಕು, ಎರಡು ಜಡೆ, ಮೂಗಿನ ತುದಿಗೆ ಗೋಂದು.

"ಅವಳು... ಎಲ್ಲಿದ್ದಳು?"

"ನಿಮ್ಮ ಬೀರುವಿನಲ್ಲಿ, ಕೋಟಿನ ಹಿಂದೆ" ಎಂದಳು ಹೆಂಡತಿ. "ಹತ್ತಿಯ ಪೊಟ್ಟಣ ಬಿಚ್ಚಿದೆ. ಸದ್ದು ಕೇಳಿ ತಾನಾಗೇ ಬಂದಳು."

ಹಾಗಾದರೆ ನನ್ನ ಹೆಗಲ ಮೇಲಿರುವುದು?

"ನನ್ನ ಮಗಳನ್ನ ಇಳಿಸ್ರೀ!" ಬ್ರೆಡ್ಡಿನ ಹೆಂಗಸು ಬಾಗಿಲಲ್ಲಿ ಗುಡುಗಿದಳು. "ಬ್ರೆಡ್ ತಗೊಂಡು ತಿರುಗೋದ್ರೊಳಗೆ ಮಗು ಮಾಯ! ಹಾಡಹಗಲೇ!"

ಮಗುವನ್ನು ಇಳಿಸಿ, ತಲೆ ತಗ್ಗಿಸಿ, ನಡೆದದ್ದನ್ನೆಲ್ಲ ಒದರಿದೆ. ಮಕ್ಕಳ ಸುರಕ್ಷತೆ ನೋಡಲು ಬಂದವರ ಎದುರಿಗೇ ಬೀದಿಯ ಮಗುವನ್ನು ಹೊತ್ತು ತಂದಿದ್ದೆ! ಹೆಂಡತಿ ಗೋಂದಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಸಮಿತಿಯನ್ನು, ಹತ್ತಿಯನ್ನು, ಜಗತ್ತನ್ನೇ ಹೀಯಾಳಿಸಿದ ನನ್ನ ಮೇಲೆ ನನಗೇ ಅಸಹ್ಯವಾಯಿತು.

ಸಭಾಪಾಲಕರು ಗಂಟಲು ಸರಿಮಾಡಿಕೊಂಡು ಮಕ್ಕಳತ್ತ ತಿರುಗಿದರು. "ಇವತ್ತು ಏನು ಕಲಿತಿರಿ?"

ಸೊಳ್ಳೆ ಎದ್ದು ನಿಂತಳು. "ಒಂದು ಕುರಿ ತಪ್ಪಿಹೋಯ್ತು. ಕಾಯೋನು ಹುಡುಕೋಕೆ ಹೋದ. ಬೇರೆಯವರ ಕುರಿ ಎತ್ಕೊಂಡು ಬಂದ!"

ದರ್ಜಿ ಕಿಸಕ್ಕೆಂದ. ಸಭಾಪಾಲಕರು ತುಟಿ ಕಚ್ಚಿಕೊಂಡರು. "ಅವನು ಹೋದಾಗ ಮಿಕ್ಕ ಕುರಿಗಳನ್ನ ಯಾರು ನೋಡ್ಕೊಂಡ್ರು?"

ಎಂಥಾ ಪೆದ್ದು ಪ್ರಶ್ನೆ ಎಂಬಂತೆ ಅವಳು ಅವರನ್ನೇ ನೋಡಿದಳು. "ಆಂಟಿ ಇದ್ರಲ್ಲ!"

ಸಭಾಪಾಲಕರು ತಲೆ ಕೆರೆದುಕೊಂಡರು. "ಇಷ್ಟು ದಿನ ಈ ಕಥೆ ಬೋಧಿಸಿದ್ದೇನೆ, ಇದು ನನಗೆ ಹೊಳೆದೇ ಇರಲಿಲ್ಲ" ಎಂದರು. ಆಮೇಲೆ ಹೆಂಡತಿಯತ್ತ ತಿರುಗಿ, "ತರಗತಿ ಇಲ್ಲೇ ನಡೀಲಿ, ಅಮ್ಮ. ಸಮಿತಿಗೆ ನಾನು ಹೇಳ್ತೀನಿ" ಎಂದರು.

ಅಷ್ಟರಲ್ಲಿ ಬೇಕರಿಯ ಹುಡುಗಿ ಸೊಳ್ಳೆಯ ಪಕ್ಕ ಕೂತು ಹತ್ತಿಗೆ ಕೈ ಹಾಕಿಯಾಗಿತ್ತು. ಮನೆಗೆ ಬಾ ಎಂದರೆ ಒಲ್ಲೆ ಎಂದು ರಚ್ಚೆ ಹಿಡಿದಳು. ಅವಳಮ್ಮ ನನ್ನನ್ನು ಸುಡುವಂತೆ ನೋಡಿ, ನನ್ನ ಹೆಂಡತಿಯನ್ನು ಕೇಳಿದಳು, "ಮುಂದಿನ ವಾರವೂ ಇರುತ್ತಾ ಇದು?"

ನನಗೆ ತಕ್ಷಣ ಜೀವ ಬಂತು. ಎಲ್ಲರೂ ಹೊರಟ ಮೇಲೆ ದಿನಪತ್ರಿಕೆ ಕೈಗೆತ್ತಿಕೊಂಡು, ಎದೆ ಉಬ್ಬಿಸಿಕೊಂಡು ಅಂದೆ: "ನೋಡಿದ್ಯಾ? ಹನ್ನೆರಡಿದ್ದದ್ದು ನನ್ನಿಂದ ಹದಿಮೂರಾಯ್ತು!"

"ಹದಿನಾಲ್ಕು" ಎಂದು ಪಿಸುಗುಟ್ಟಿದಳು ಹೆಂಡತಿ. ನನ್ನ ಕೈಯಿಂದ ದಿನಪತ್ರಿಕೆ ಕಿತ್ತುಕೊಂಡು, ಒಂದು ರಟ್ಟು, ಒಂದು ಹತ್ತಿಯುಂಡೆ ಇಟ್ಟಳು. "ಕೂತ್ಕೊಳ್ಳಿ. ಕಿವಿಯಿಂದ ಶುರು ಮಾಡಿ."